ಹುಲ್ಲಿನ ನಡುವಿನ ಮರಗಳನ್ನು ಉಪಗ್ರಹದಿಂದ ನೋಡುವಾಗ

ಸವನ್ನಾದಲ್ಲಿ ಮರವೂ ಹುಲ್ಲೂ ಒಟ್ಟಿಗೆ ಬಾಳುತ್ತವೆ. ನೆಲದ ಮೇಲೆ ಹುಲ್ಲಿನ ಹಾಸು ಎಡೆಬಿಡದೆ ಹಬ್ಬಿರುತ್ತದೆ; ಅದರ ನಡುವೆ ಅಲ್ಲೊಂದು ಇಲ್ಲೊಂದು ಮರ, ಒಂದರ ಕೊಂಬೆ ಇನ್ನೊಂದಕ್ಕೆ ತಾಗದಷ್ಟು ದೂರದಲ್ಲಿ ನಿಂತಿರುತ್ತದೆ. ಆಫ್ರಿಕಾ ಖಂಡದ ಬಹುಭಾಗ, ಬ್ರೆಜಿಲ್‌ನ ಸೆರಾಡೊ, ಉತ್ತರ ಆಸ್ಟ್ರೇಲಿಯಾ ಹೀಗೆ ಲೆಕ್ಕ ಹಾಕಿದರೆ ಭೂಮಿಯ ನೆಲಭಾಗದ ಸುಮಾರು ಐದನೇ ಒಂದರಷ್ಟು ಇಂಥ ಭೂದೃಶ್ಯವೇ ಆಗಿದೆ. ಇಷ್ಟು ವಿಶಾಲವಾದ ಪ್ರದೇಶದಲ್ಲಿ ಮರಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದನ್ನು ನಡೆದು ನೋಡಿ ತಿಳಿಯಲು ಆಗುವುದಿಲ್ಲವಾದ್ದರಿಂದ ಉಪಗ್ರಹಗಳನ್ನು ನೆಚ್ಚಿಕೊಳ್ಳಲೇಬೇಕು. ಈ ಕೆಲಸದಲ್ಲಿ ತೊಡಗಿಕೊಂಡಿರುವ ನನಗೆ ದಿನ ಕಳೆದಂತೆ ಖಚಿತವಾಗುತ್ತಿರುವ ಸಂಗತಿ ಒಂದಿದೆ: ‘ಇಲ್ಲಿ ಶೇ 12ರಷ್ಟು ಮರಗಳ ಹೊದಿಕೆ ಇದೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ಎತ್ತರದ್ದನ್ನು ಮರವೆಂದು ಎಣಿಸಿದರು, ಯಾವ ತಿಂಗಳ ಚಿತ್ರವನ್ನು ನೋಡಿದರು, ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲ ಇತ್ತು ಎಂಬ ಮೂರು ಸಂಗತಿಗಳು ಗೊತ್ತಾಗುವವರೆಗೆ ಆ ಅಂಕಿಗೆ ಅರ್ಥವಿಲ್ಲ. ದಟ್ಟ ಕಾಡಿನಲ್ಲಿ ಈ ಮೂರನ್ನೂ ಕಡೆಗಣಿಸಿ ಹೇಗೋ ನಿಭಾಯಿಸಬಹುದು, ಸವನ್ನಾದಲ್ಲಿ ಸಾಧ್ಯವಿಲ್ಲ.

ಮೊದಲು ಪಿಕ್ಸೆಲ್ಲಿನ ಲೆಕ್ಕವನ್ನು ನೋಡೋಣ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕ, ಅಂದರೆ 900 ಚದರ ಮೀಟರ್. ಕೊಂಬೆಗಳು ಆರು ಮೀಟರ್ ಅಗಲಕ್ಕೆ ಹರಡಿರುವ ಒಂದು ಜಾಲಿ ಮರವನ್ನು ಆ ಚೌಕದ ನಡುವೆ ಇಟ್ಟುಕೊಳ್ಳಿ. ಮೇಲಿನಿಂದ ನೋಡಿದಾಗ ಆ ಮರ ಮುಚ್ಚುವುದು ಸುಮಾರು 28 ಚದರ ಮೀಟರ್, ಚೌಕದ ಶೇ 3 ಮಾತ್ರ. ಉಳಿದ ಶೇ 97ರಷ್ಟು ಬೆಳಕು ಹುಲ್ಲಿನಿಂದ, ಬರಿ ಮಣ್ಣಿನಿಂದ, ಮರದ್ದೇ ನೆರಳಿನಿಂದ ಬಂದು, ಎಲ್ಲವೂ ಕಲಸಿ ಒಂದೇ ಸಂಖ್ಯೆಯಾಗಿ ದಾಖಲಾಗುತ್ತದೆ. ಅಂಥ ಐದು ಮರಗಳು ಒಂದೇ ಚೌಕದಲ್ಲಿದ್ದರೂ ಹೊದಿಕೆ ಶೇ 16ನ್ನು ದಾಟುವುದಿಲ್ಲ. ಆದರೆ ಆ ಐದು ಮರಗಳ ಕೆಳಗೆ ನಿಂತವರು ಅದನ್ನು ಮರಗಳಿಲ್ಲದ ಜಾಗ ಎಂದು ಖಂಡಿತ ಕರೆಯುವುದಿಲ್ಲ. ನಾಸಾ ಉಪಗ್ರಹಗಳ ಮೇಲಿರುವ ಮೋಡಿಸ್ ಉಪಕರಣದ 250 ಮೀಟರ್ ಪಿಕ್ಸೆಲ್‌ನಲ್ಲಂತೂ ಒಂಟಿ ಮರ ಶೇ 0.05ಕ್ಕೂ ಕಡಿಮೆ. ಯುರೋಪಿನ ಉಪಗ್ರಹ ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ ಬಂದ ಮೇಲೆ ಇದೇ ಮರ ಚೌಕದ ಕಾಲುಭಾಗಕ್ಕಿಂತ ಹೆಚ್ಚನ್ನು ತುಂಬುತ್ತದೆ, ಅದೂ ಮರ ಚೌಕದ ಒಳಗೇ ಸರಿಯಾಗಿ ಕೂತಿದ್ದರೆ. ನಾಲ್ಕು ಚೌಕಗಳು ಕೂಡುವ ಮೂಲೆಯಲ್ಲಿ ನಿಂತಿದ್ದರೆ ನಾಲ್ಕಕ್ಕೂ ಹಂಚಿಹೋಗುತ್ತದೆ.

ಎತ್ತರದ ಮಾತು ಇದಕ್ಕಿಂತ ದೊಡ್ಡದು. ಮೋಡಿಸ್‌ನಿಂದ ಪ್ರತಿವರ್ಷ ತಯಾರಾಗುವ ಮರಗಳ ಹೊದಿಕೆಯ ನಕ್ಷೆಯಾಗಲಿ, ಮ್ಯಾಥ್ಯೂ ಹ್ಯಾನ್ಸೆನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ, ಈಗ ಎಲ್ಲರೂ ಬಳಸುವ 30 ಮೀಟರ್ ನಕ್ಷೆಯಾಗಲಿ, ಮರವೆಂದು ಪರಿಗಣಿಸುವುದು 5 ಮೀಟರ್‌ಗಿಂತ ಎತ್ತರವಾದ ಸಸ್ಯವನ್ನು. ಕಾಡಿನ ಬದಲಾವಣೆಯನ್ನು ತಿಳಿಯಲು ಅದು ಒಳ್ಳೆಯ ಗಡಿ. ಆದರೆ ಸವನ್ನಾದ ಎಷ್ಟೋ ಮರಗಳು ಜೀವಮಾನವಿಡೀ ಮೂರು-ನಾಲ್ಕು ಮೀಟರ್‌ನಲ್ಲೇ ಉಳಿಯುತ್ತವೆ. ಅಲ್ಲದೆ, ಬೆಂಕಿ ಬಂದಾಗಲೆಲ್ಲ ಮೇಲ್ಭಾಗ ಸುಟ್ಟು, ಬೇರಿನಿಂದ ಮತ್ತೆ ಚಿಗುರಿ, ಎರಡು ಮೀಟರ್ ದಾಟುವಷ್ಟರಲ್ಲಿ ಮತ್ತೊಂದು ಬೆಂಕಿಗೆ ಸಿಕ್ಕಿ ದಶಕಗಟ್ಟಲೆ ಗಿಡವಾಗಿಯೇ ಉಳಿದ ಮರಗಳು ಹುಲ್ಲಿನ ಮರೆಯಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ. ನಾಲ್ಕೈದು ವರ್ಷ ಬೆಂಕಿ ಬೀಳದಿದ್ದರೆ ಇವೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತವೆ. ಆ ಭೂಪ್ರದೇಶದ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆಂದು ನಿರ್ಧರಿಸುವ ಮರಗಳೇ ಅವು, ಆದರೆ ನಕ್ಷೆಯಲ್ಲಿ ಅವುಗಳ ಬೆಲೆ ಸೊನ್ನೆ.

ಇನ್ನು ಋತುವಿನ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇಲ್ಲಿಯೇ ಇದೆ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಎನ್‌ಡಿವಿಐ ಎಂಬ ಸೂಚ್ಯಂಕವೇ ಸಸ್ಯಗಳನ್ನು ದೂರದಿಂದ ಅಳೆಯುವ ಅತಿ ಸಾಮಾನ್ಯ ವಿಧಾನ. ಮಳೆಗಾಲದ ಸವನ್ನಾದಲ್ಲಿ ಇದನ್ನು ಲೆಕ್ಕ ಹಾಕಿದರೆ ಎಲ್ಲೆಡೆ ಹಸಿರೇ ಹಸಿರು, ಏಕೆಂದರೆ ಹುಲ್ಲಿನ ಎಲೆಯೂ ಮರದ ಎಲೆಯೂ ಈ ಸೂಚ್ಯಂಕದ ಕಣ್ಣಿಗೆ ಒಂದೇ. ಒಳ್ಳೆಯ ಮಳೆಯಾದ ವರ್ಷದ ಹುಲ್ಲನ್ನು ಕಂಡು ಮರಗಳು ಹೆಚ್ಚಿದವು ಎಂದು ತೀರ್ಮಾನಿಸುವ ಅಪಾಯ ಇಲ್ಲಿದೆ. ಮಳೆ ನಿಂತು ಕೆಲವು ವಾರಗಳಾದ ಮೇಲೆ ಮಾತ್ರ ಎರಡೂ ಬೇರೆಯಾಗುತ್ತವೆ: ಮೇಲ್ಪದರದ ತೇವವನ್ನೇ ನಂಬಿದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಆಳಕ್ಕೆ ಬೇರಿಳಿಸಿದ ಮರ ಇನ್ನೂ ಸ್ವಲ್ಪ ಕಾಲ ಹಸಿರಾಗಿರುತ್ತದೆ. ಆ ಕಿರಿದಾದ ಅವಧಿಯ ಚಿತ್ರಗಳು ವರ್ಷದ ಉಳಿದೆಲ್ಲ ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳವು. ಅದೃಷ್ಟವೆಂದರೆ ಆಗ ಮೋಡಗಳೂ ಕಡಿಮೆ.

ಆದರೂ ಇದನ್ನು ಎಲ್ಲ ಮರಗಳಿಗೂ ಅನ್ವಯವಾಗುವ ಸೂತ್ರವೆಂದು ಹಿಡಿಯಬಾರದು. ಬಾವೊಬಾಬ್ ಮರ ಒಣಗಾಲದಲ್ಲಿ ತಿಂಗಳುಗಟ್ಟಲೆ ಎಲೆಯಿಲ್ಲದೆ ಬೋಳಾಗಿ ನಿಲ್ಲುತ್ತದೆ. ಹತ್ತು ಜನ ಕೈಹಿಡಿದು ಸುತ್ತುವರಿಯಬೇಕಾದಷ್ಟು ದಪ್ಪದ ಕಾಂಡವಿದ್ದರೂ ಹಸಿರಿನ ಸೂಚ್ಯಂಕದಲ್ಲಿ ಅದು ಇಲ್ಲವೇ ಇಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪ್ರದೇಶದ ಹೊಲಗಳಲ್ಲಿ ರೈತರು ಉಳಿಸಿಕೊಂಡು ಬಂದಿರುವ ಫೈಡರ್ಬಿಯಾ ಆಲ್ಬಿಡಾ ಎಂಬ ಮರ. ಅದು ಮಳೆಗಾಲ ಬಂದೊಡನೆ ಎಲೆ ಉದುರಿಸಿ, ಸುತ್ತಲಿನ ಬೆಳೆಗೆ ಬಿಸಿಲು ಬಿಟ್ಟುಕೊಟ್ಟು, ಒಣಗಾಲದಲ್ಲಿ ಎಲ್ಲವೂ ಬೂದಿಬಣ್ಣವಾದಾಗ ತಾನು ಹಸಿರು ತುಂಬಿಕೊಳ್ಳುತ್ತದೆ. ಮಳೆಗಾಲದ ಚಿತ್ರದಲ್ಲಿ ಅದರ ಜಾಗದಲ್ಲಿ ಬೆಳೆ ಮಾತ್ರ ಕಾಣುತ್ತದೆ. ಒಣಗಾಲದ ಚಿತ್ರದಲ್ಲಿ ಅದೇ ಜಾಗ ಎದ್ದು ಹೊಳೆಯುತ್ತದೆ. ದಕ್ಷಿಣ-ಮಧ್ಯ ಆಫ್ರಿಕಾದ ಮಿಯೊಂಬೊ ಪ್ರದೇಶದ ಮರಗಳ ನಡೆ ಮತ್ತೂ ಬೇರೆ: ಮೊದಲ ಮಳೆ ಬೀಳುವ ಕೆಲವು ವಾರಗಳ ಮುಂಚೆಯೇ, ನೆಲ ಇನ್ನೂ ಒಣಗಿರುವಾಗಲೇ ಅವು ಹೊಸ ಎಲೆ ಬಿಡುತ್ತವೆ. ಆ ಪ್ರದೇಶದಲ್ಲಿ ಹುಲ್ಲನ್ನೂ ಮರವನ್ನೂ ಬೇರ್ಪಡಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಹೀಗಾಗಿ ಒಂದು ದಿನದ ಚಿತ್ರಕ್ಕಿಂತ ವರ್ಷದುದ್ದಕ್ಕೂ ಪ್ರತಿ ಪಿಕ್ಸೆಲ್ಲಿನ ಹಸಿರು ಹೇಗೆ ಏರಿಳಿಯಿತು ಎಂಬ ರೇಖೆಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಹುಲ್ಲಿನ ರೇಖೆ ಚೂಪಾಗಿ ಏರಿ ಚೂಪಾಗಿ ಇಳಿಯುತ್ತದೆ. ಮರಗಳಿರುವಲ್ಲಿ ಆ ರೇಖೆಯ ಬುಡವೇ ಸ್ವಲ್ಪ ಎತ್ತರದಲ್ಲಿರುತ್ತದೆ.

ಬೆಂಕಿಯೂ ಈ ರೇಖೆಯನ್ನು ಕೆಡಿಸುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ ಉರಿಯುವ ನೆಲದಲ್ಲಿ ಮೂರನೇ ಎರಡರಷ್ಟಾದರೂ ಆಫ್ರಿಕಾದಲ್ಲಿದೆ, ಅದರಲ್ಲಿ ಬಹುಪಾಲು ಸವನ್ನಾ. ಸುಟ್ಟ ನೆಲ ಕಪ್ಪಾಗಿ ಕಾಣುವುದರಿಂದ ನೆರಳು ಯಾವುದು, ಬೂದಿ ಯಾವುದು ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಸುಟ್ಟ ಗುರುತುಗಳನ್ನು ಮೊದಲು ಪ್ರತ್ಯೇಕವಾಗಿ ಗುರುತಿಸಿ ಬದಿಗಿಟ್ಟ ನಂತರವೇ ಮರಗಳ ಲೆಕ್ಕಕ್ಕೆ ಇಳಿಯಬೇಕು.

ಇಲ್ಲೊಂದು ವೈಜ್ಞಾನಿಕ ವಿವಾದವನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. 2011ರಲ್ಲಿ ಕಾರ್ಲಾ ಸ್ಟೇವರ್ ಮತ್ತು ಸಂಗಡಿಗರು ಹಾಗೂ ಮರೀನಾ ಹಿರೋಟಾ ಮತ್ತು ಸಂಗಡಿಗರು ಬೇರೆ ಬೇರೆಯಾಗಿ ಪ್ರಕಟಿಸಿದ ಎರಡು ಅಧ್ಯಯನಗಳು ಮೋಡಿಸ್ ನಕ್ಷೆಯನ್ನು ಬಳಸಿ ಒಂದು ಮಹತ್ವದ ಮಾತನ್ನು ಹೇಳಿದವು. ಮಧ್ಯಮ ಪ್ರಮಾಣದ ಮಳೆ ಬೀಳುವ ಉಷ್ಣವಲಯದಲ್ಲಿ ಮರಗಳ ಹೊದಿಕೆ ಒಂದೋ ಕಡಿಮೆ ಇರುತ್ತದೆ, ಇಲ್ಲವೇ ಬಹಳ ಹೆಚ್ಚಿರುತ್ತದೆ; ಶೇ 60ರ ಆಸುಪಾಸಿನ ನಡುವಣ ಪ್ರಮಾಣ ಅಪರೂಪ. ಆದ್ದರಿಂದ ಸವನ್ನಾ ಮತ್ತು ಕಾಡು ಎರಡೂ ಒಂದೇ ಹವಾಮಾನದಲ್ಲಿ ನಿಲ್ಲಬಲ್ಲ ಎರಡು ಸ್ಥಿರ ಸ್ಥಿತಿಗಳು, ಅವುಗಳನ್ನು ಬೇರೆಯಾಗಿ ಇಡುವುದು ಬೆಂಕಿ ಎಂಬುದು ತಾತ್ಪರ್ಯ. ಬೆಂಕಿಯ ಪಾತ್ರಕ್ಕೆ ನೆಲದ ಮೇಲಿನ ಪ್ರಯೋಗಗಳ ಆಧಾರವೂ ಇತ್ತು. ಆದರೆ 2014ರಲ್ಲಿ ನಯಲ್ ಹನನ್ ಮತ್ತು ಸಂಗಡಿಗರು ಆ ನಕ್ಷೆ ತಯಾರಾದ ಬಗೆಯನ್ನೇ ಪ್ರಶ್ನಿಸಿದರು. ಆ ನಕ್ಷೆಯ ಹಿಂದಿರುವ ಗಣಿತವಿಧಾನವು ದತ್ತಾಂಶವನ್ನು ಕವಲು ಕವಲಾಗಿ ಒಡೆದು ಪ್ರತಿ ಗುಂಪಿಗೂ ಒಂದು ಬೆಲೆ ಕೊಡುವಂಥದ್ದು. ಎಡೆಯಿಲ್ಲದೆ ಹರಡಿದ ಹೊದಿಕೆಯನ್ನು ಅದರ ಮೂಲಕ ಹಾಯಿಸಿದರೂ ಹೊರಬರುವ ಅಂಕಿಗಳಲ್ಲಿ ತಾನಾಗಿಯೇ ಕಂದಕಗಳು ಮೂಡಬಹುದು ಎಂದು ಅವರು ತೋರಿಸಿದರು. ಅಂದರೆ ನಿಸರ್ಗದಲ್ಲಿ ಕಂಡ ಕಂದಕದ ಸ್ವಲ್ಪ ಭಾಗವಾದರೂ ಉಪಕರಣವೇ ತೋಡಿದ್ದಿರಬಹುದು. ಎರಡು ಸ್ಥಿರ ಸ್ಥಿತಿಗಳ ಸಿದ್ಧಾಂತ ಇದರಿಂದ ಬಿದ್ದುಹೋಯಿತೆಂದು ನಾನು ಭಾವಿಸುವುದಿಲ್ಲ. ಆದರೆ ಸಿದ್ಧ ನಕ್ಷೆಯೊಂದನ್ನು ಇಳಿಸಿಕೊಂಡು ಅದನ್ನೇ ನೆಲವೆಂದು ನಂಬಿ ಲೆಕ್ಕ ಮಾಡುವ ಅಭ್ಯಾಸಕ್ಕೆ ಅದು ಕೊಟ್ಟ ಎಚ್ಚರಿಕೆ ಇವತ್ತಿಗೂ ಸಲ್ಲುತ್ತದೆ. ಇದೇ ಪ್ರಶ್ನೆಯನ್ನು ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ಬೇರೆ ದಾರಿಯಿಂದ ಎತ್ತಿಕೊಂಡಿದ್ದರು. ಅವರು ಆಫ್ರಿಕಾದ 854 ಸ್ಥಳಗಳಲ್ಲಿ ನೆಲದ ಮೇಲೆ ಅಳೆದ ಮಾಹಿತಿಯನ್ನು ಒಟ್ಟುಗೂಡಿಸಿ, ವಾರ್ಷಿಕ ಮಳೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಇರುವಲ್ಲಿ ಮರಗಳ ಹೊದಿಕೆಗೆ ನೀರೇ ಮೇಲ್ಮಿತಿ ಹಾಕುತ್ತದೆ, ಅದಕ್ಕಿಂತ ಹೆಚ್ಚು ಮಳೆಯಿರುವಲ್ಲಿ ಬೆಂಕಿ ಮತ್ತು ಮೇಯುವ ಪ್ರಾಣಿಗಳಿಲ್ಲದಿದ್ದರೆ ಮರಗಳ ಕೊಂಬೆಗಳು ಮೇಲೆ ಒಂದಕ್ಕೊಂದು ಕೂಡಿಕೊಂಡುಬಿಡಬಹುದು ಎಂದು ಹೇಳಿದರು. ಉಪಗ್ರಹದ ನಕ್ಷೆಯನ್ನು ಒರೆಗೆ ಹಚ್ಚಲು ನಾನು ಮೊದಲು ತೆರೆದು ನೋಡುವುದು ಈ ಬಗೆಯ ನೆಲದ ಅಳತೆಗಳನ್ನೇ.

ಶೇಕಡಾವಾರು ಹೊದಿಕೆಯ ಬದಲು ಒಂದೊಂದೇ ಮರವನ್ನು ಎಣಿಸಲು ಸಾಧ್ಯವಾದದ್ದು ಈಚಿನ ಬೆಳವಣಿಗೆ. 2020ರಲ್ಲಿ ಮಾರ್ಟಿನ್ ಬ್ರಾಂಡ್ಟ್, ಕಾಂಪ್ಟನ್ ಟಕರ್ ಮತ್ತು ಸಂಗಡಿಗರು ಪಶ್ಚಿಮ ಆಫ್ರಿಕಾದ ಸಹಾರಾ ಮತ್ತು ಸಾಹೆಲ್‌ನ 13 ಲಕ್ಷ ಚದರ ಕಿಲೋಮೀಟರ್ ಪ್ರದೇಶದಲ್ಲಿ, ಅರ್ಧ ಮೀಟರ್ ಪಿಕ್ಸೆಲ್ಲಿನ 11 ಸಾವಿರಕ್ಕೂ ಹೆಚ್ಚು ಚಿತ್ರಗಳಿಂದ 180 ಕೋಟಿಗೂ ಮೀರಿದ ಮರಗಳನ್ನು ಎಣಿಸಿದರು. ಮೇಲಿನಿಂದ 3 ಚದರ ಮೀಟರ್‌ಗಿಂತ ಹೆಚ್ಚು ಹರವುಳ್ಳ ಮರಗಳಷ್ಟೇ ಆ ಲೆಕ್ಕದಲ್ಲಿವೆ. 2023ರಲ್ಲಿ ಅದೇ ಕೆಲಸವನ್ನು 97 ಲಕ್ಷ ಚದರ ಕಿಲೋಮೀಟರ್‌ಗೆ ವಿಸ್ತರಿಸಿ 990 ಕೋಟಿ ಮರಗಳನ್ನು ಗುರುತಿಸಿ, ಪ್ರತಿಯೊಂದರಲ್ಲೂ ಇರುವ ಇಂಗಾಲವನ್ನು ಅಂದಾಜು ಮಾಡಿದರು. ಹಿಂದಿನ ನಕ್ಷೆಗಳಲ್ಲಿ ಬರಿದೆಂದು ಕಾಣುತ್ತಿದ್ದ ನೆಲದಲ್ಲಿ ಇಷ್ಟೊಂದು ಮರಗಳಿದ್ದುದು ನನ್ನಂಥ ಅನೇಕರಿಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಇದರ ಹಿಂದಿರುವ ಡೀಪ್ ಲರ್ನಿಂಗ್ ವಿಧಾನ ಯಂತ್ರದ್ದಾದರೂ, ಯಂತ್ರಕ್ಕೆ ಕಲಿಸಿದ್ದು ಮನುಷ್ಯರ ಕೈಯೇ. ಮೊದಲ ಅಧ್ಯಯನಕ್ಕಾಗಿ ಸುಮಾರು 90 ಸಾವಿರ ಮರಗಳ ಅಂಚನ್ನು ಪರದೆಯ ಮೇಲೆ ಕೈಯಿಂದ ಎಳೆಯಲಾಗಿತ್ತು. ಆ ಕೆಲಸ ಹೇಗಿರುತ್ತದೆಂದು ಹೇಳಿದರೆ ಅಂಕಿಗಳ ಬೆಲೆ ಹೆಚ್ಚು ತಿಳಿದೀತು. ಚಿತ್ರವನ್ನು ಹಿಗ್ಗಿಸಿದಾಗ ಮರವು ಮಬ್ಬು ಅಂಚಿನ ಕಡುಬಣ್ಣದ ಚುಕ್ಕೆಯಾಗಿ ಕಾಣುತ್ತದೆ, ಸೂರ್ಯನಿಗೆ ಎದುರುಬದಿಯಲ್ಲಿ ಅದಕ್ಕಂಟಿಕೊಂಡೇ ಅದಕ್ಕಿಂತ ಕಪ್ಪಾದ ನೆರಳಿನ ಚುಕ್ಕೆ. ಉಪಗ್ರಹ ಬೆಳಗಿನ ಹತ್ತು-ಹತ್ತೂವರೆಯ ಹೊತ್ತಿಗೆ ಹಾಯುವುದರಿಂದ ನೆರಳು ಪಶ್ಚಿಮದ ಕಡೆಗೆ ಬಿದ್ದಿರುತ್ತದೆ. ಮರ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂಬುದನ್ನು ಅವಗೆಂಪು ಬಣ್ಣದ ಪದರವನ್ನು ತೆರೆದು ನೋಡಿ ನಿರ್ಧರಿಸಬೇಕು: ಎಲೆಯಿದ್ದಲ್ಲಿ ಅದು ಹೊಳೆಯುತ್ತದೆ, ನೆರಳಿನಲ್ಲಿ ಮಂಕಾಗುತ್ತದೆ. ಎರಡು ಮರಗಳ ಕೊಂಬೆಗಳು ಹೆಣೆದುಕೊಂಡಿದ್ದರೆ ಒಂದೆಂದು ಎಳೆಯಬೇಕೋ ಎರಡೆಂದೋ ಎಂಬುದಕ್ಕೆ ಒಮ್ಮೊಮ್ಮೆ ನೆರಳೇ ಉತ್ತರ ಕೊಡುತ್ತದೆ, ಏಕೆಂದರೆ ನೆರಳು ಎರಡು ತಲೆಯಾಗಿ ಒಡೆದಿರುತ್ತದೆ. ಹುತ್ತದ ಮೇಲೆ ಬೆಳೆದ ಪೊದೆ, ಕಪ್ಪು ಬಂಡೆ, ಗುಡಿಸಲಿನ ಚಾವಣಿ ಇವೆಲ್ಲ ಮರದ ವೇಷ ತೊಟ್ಟು ಬರುತ್ತವೆ. ಒಂದೇ ಚಿತ್ರವನ್ನು ಇಬ್ಬರಿಗೆ ಕೊಟ್ಟರೆ ಇಬ್ಬರ ಗೆರೆಗಳೂ ಒಂದೇ ಆಗುವುದಿಲ್ಲ. ಆ ವ್ಯತ್ಯಾಸವನ್ನು ಅಳೆದು ಫಲಿತಾಂಶದ ಜೊತೆಗೇ ಪ್ರಕಟಿಸುವುದು ಪ್ರಾಮಾಣಿಕ ಕೆಲಸದ ಲಕ್ಷಣ ಎಂದು ನಾನು ನಂಬಿದ್ದೇನೆ.

ಎಣಿಕೆ ಒಂದು ಕ್ಷಣದ ಚಿತ್ರ ಮಾತ್ರ. ಬದಲಾವಣೆ ತಿಳಿಯಲು ಹಿಂದಿನದೂ ಬೇಕು. ಲ್ಯಾಂಡ್‌ಸ್ಯಾಟ್‌ನ ಸಂಗ್ರಹ 1972ರಿಂದ ಇದೆ, 30 ಮೀಟರ್ ಚಿತ್ರಗಳು 1980ರ ದಶಕದಿಂದ ಸಿಗುತ್ತವೆ. 2008ರಲ್ಲಿ ಅವೆಲ್ಲ ಉಚಿತವಾದ ಮೇಲೆಯೇ ಸಣ್ಣ ಸಂಶೋಧನಾ ತಂಡಗಳಿಗೂ ದಶಕಗಳ ಉದ್ದಕ್ಕೆ ನೋಡಲು ಸಾಧ್ಯವಾಯಿತು. ಬ್ರೆಜಿಲ್‌ನ ಮ್ಯಾಪ್‌ಬಯೊಮಾಸ್ ಯೋಜನೆ ಇದೇ ಸಂಗ್ರಹದಿಂದ 1985ರಿಂದೀಚಿನ ಪ್ರತಿ ವರ್ಷದ ನಕ್ಷೆಯನ್ನು ಕೊಡುತ್ತಿದೆ, ಮತ್ತು ಅದರಲ್ಲಿ ಸವನ್ನಾಕ್ಕೆ ಕಾಡಿನಿಂದ ಬೇರೆಯಾದ ವರ್ಗವೇ ಇದೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ 1960ರಿಂದ 1972ರವರೆಗೆ ಅಮೆರಿಕದ ಕರೋನಾ ಗೂಢಚರ ಉಪಗ್ರಹಗಳು ತೆಗೆದು, 1995ರಲ್ಲಿ ಬಹಿರಂಗಗೊಂಡ ಕಪ್ಪು-ಬಿಳುಪು ಚಿತ್ರಗಳಿವೆ. ಕೆಲವದರಲ್ಲಿ ಒಂಟಿ ಮರಗಳೂ ಸ್ಪಷ್ಟ.

ಸವನ್ನಾದ ಬದಲಾವಣೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ಅಂಶವೆಂದರೆ ಇಲ್ಲಿ ಮರಗಳ ಏರಿಕೆಯೂ ಹಾನಿಯ ಗುರುತಾಗಿರಬಹುದು. ನಮೀಬಿಯಾದಲ್ಲಿ ಕಪ್ಪುಮುಳ್ಳಿನ ಜಾಲಿಯಂಥ ಗಿಡಗಳು ಕೋಟಿಗಟ್ಟಲೆ ಹೆಕ್ಟೇರ್ ಹುಲ್ಲುನೆಲವನ್ನು ಒತ್ತಿಕೊಂಡಿವೆ. ದನಗಳು ಹುಲ್ಲನ್ನು ಬುಡಮಟ್ಟ ಮೇದಾಗ ಬೆಂಕಿಗೆ ಇಂಧನವಿಲ್ಲದಾಗುತ್ತದೆ, ಬೆಂಕಿಯಿಲ್ಲದಾಗ ಮುಳ್ಳುಗಿಡಗಳು ಬಲಿಯುತ್ತವೆ, ಗಾಳಿಯಲ್ಲಿ ಹೆಚ್ಚಿರುವ ಇಂಗಾಲದ ಡೈಆಕ್ಸೈಡ್ ಹುಲ್ಲಿಗಿಂತ ಮರಗಿಡಗಳಿಗೆ ಹೆಚ್ಚು ಅನುಕೂಲ ಮಾಡುತ್ತದೆ. ಇಂಥ ಜಾಗವನ್ನು ಹಸಿರು ಹೆಚ್ಚಿದ ಪ್ರದೇಶವೆಂದು ನಕ್ಷೆಯಲ್ಲಿ ಕಡುಹಸಿರು ಬಣ್ಣದಿಂದ ತೋರಿಸುವುದು ದನಕರು ಮೇಯಿಸಿ ಬದುಕುವವರಿಗೂ, ಬಯಲನ್ನೇ ನಂಬಿದ ಪ್ರಾಣಿಗಳಿಗೂ ಮಾಡುವ ಅನ್ಯಾಯ. 2017ರಲ್ಲಿ ಒಣಭೂಮಿಯಲ್ಲಿ ಅದುವರೆಗೆ ಲೆಕ್ಕಕ್ಕೆ ಸಿಗದಿದ್ದ 46.7 ಕೋಟಿ ಹೆಕ್ಟೇರ್ ‘ಕಾಡು’ ಪತ್ತೆಯಾಯಿತೆಂಬ ಅಧ್ಯಯನ ಬಂದಾಗ ಸವನ್ನಾ ತಜ್ಞರು ಎತ್ತಿದ ಆಕ್ಷೇಪವೂ ಇದೇ ಆಗಿತ್ತು. ಚಿತ್ರಗಳನ್ನು ಕಣ್ಣಿನಿಂದ ನೋಡಿ ಮರಗಳನ್ನು ಗುರುತಿಸಿದ ಕೆಲಸ ಶ್ಲಾಘನೀಯವೇ. ಆದರೆ ಶೇ 10ರಷ್ಟು ಹೊದಿಕೆಯಿದ್ದರೆ ಸಾಕು, ಅದು ಕಾಡು ಎಂಬ ಅಳತೆಗೋಲಿನಿಂದ ನೋಡಿದರೆ ಆರೋಗ್ಯವಾಗಿರುವ ಸವನ್ನಾ ಕೂಡ ಕಳಪೆ ಕಾಡಾಗಿ ಕಾಣುತ್ತದೆ, ಕಳಪೆ ಕಾಡಿಗೆ ಗಿಡ ನೆಡುವ ಯೋಜನೆ ಹಿಂದೆಯೇ ಬರುತ್ತದೆ.

ಏರಿಕೆಯನ್ನು ಹಿಡಿಯುವುದು ಇಳಿಕೆಯನ್ನು ಹಿಡಿಯುವುದಕ್ಕಿಂತ ಕಷ್ಟ. ಕಡಿದ ಮರ ಒಂದೇ ದಿನದಲ್ಲಿ ಚಿತ್ರದಿಂದ ಮಾಯವಾಗುತ್ತದೆ. ಬೆಳೆಯುವ ಗಿಡ ವರ್ಷಕ್ಕೆ ಹೊದಿಕೆಯನ್ನು ಒಂದು ಶೇಕಡಾದಷ್ಟೂ ಹೆಚ್ಚಿಸುವುದಿಲ್ಲ, ಮಳೆಯ ಏರುಪೇರಿನಿಂದ ಬರುವ ವ್ಯತ್ಯಾಸದೊಳಗೆ ಅದು ಮುಳುಗಿಹೋಗುತ್ತದೆ. ಆದ್ದರಿಂದಲೇ ಹತ್ತು-ಹದಿನೈದು ವರ್ಷಗಳಿಗಿಂತ ಕಡಿಮೆ ಅವಧಿಯ ಏರಿಕೆಯ ಹೇಳಿಕೆಗಳನ್ನು ನಾನು ತಡೆದು ಓದುತ್ತೇನೆ. ಬಣ್ಣದ ಪಿಕ್ಸೆಲ್‌ಗಳನ್ನು ಸುಮ್ಮನೆ ಎಣಿಸಿ ಇಷ್ಟು ಹೆಕ್ಟೇರ್ ಹೆಚ್ಚಾಯಿತು ಎನ್ನುವುದೂ ಸರಿಯಲ್ಲ. ನಕ್ಷೆಯ ಪ್ರತಿ ವರ್ಗದಿಂದ ಯಾದೃಚ್ಛಿಕವಾಗಿ ಬಿಂದುಗಳನ್ನು ಆರಿಸಿ, ಅವುಗಳನ್ನು ಹೆಚ್ಚು ಸ್ಪಷ್ಟವಾದ ಚಿತ್ರದಲ್ಲೋ ನೆಲದ ಮೇಲೋ ಪರಿಶೀಲಿಸಿ, ನಕ್ಷೆ ಎಲ್ಲಿ ಎಷ್ಟು ತಪ್ಪಿದೆಯೆಂದು ಕಂಡುಕೊಂಡು, ಆ ತಪ್ಪಿನ ಪ್ರಮಾಣದಿಂದ ವಿಸ್ತೀರ್ಣವನ್ನು ತಿದ್ದಿ, ಅನಿಶ್ಚಿತತೆಯ ವ್ಯಾಪ್ತಿಯ ಸಮೇತ ಹೇಳಬೇಕು.

ಬೆಳಕಿನ ಚಿತ್ರಗಳ ಈ ತೊಡಕುಗಳಿಗೆ ಸ್ವಲ್ಪಮಟ್ಟಿನ ಪರಿಹಾರ ರೇಡಾರ್ ಮತ್ತು ಲೈಡಾರ್‌ಗಳಲ್ಲಿದೆ. ಲೈಡಾರ್ ಲೇಸರ್ ಕಿರಣ ಬಿಟ್ಟು ಎತ್ತರವನ್ನು ನೇರವಾಗಿ ಅಳೆಯುತ್ತದೆ. ಗ್ರೆಗ್ ಆಸ್ನರ್ ಮತ್ತು ಶಾನ್ ಲೆವಿಕ್ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮೇಲೆ ವಿಮಾನದಿಂದ ಮರುಕಳಿಸಿ ಅಳೆದು, 58 ಸಾವಿರ ಮರಗಳ ಗತಿಯನ್ನು ಹಿಂಬಾಲಿಸಿ, ಆನೆಗಳು ಓಡಾಡುವ ಕಡೆ ಮರಗಳು ಬೀಳುವ ಪ್ರಮಾಣ ಸರಾಸರಿ ಆರು ಪಟ್ಟು ಹೆಚ್ಚೆಂದು 2012ರಲ್ಲಿ ತೋರಿಸಿದರು. ಹೊದಿಕೆಯ ನಕ್ಷೆಯೊಂದರಿಂದ ಇಂಥ ಮಾತು ಎಂದಿಗೂ ಹೊರಡುತ್ತಿರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ಗೆಡಿ ಲೈಡಾರ್ ಜಗತ್ತಿನ ಬಹುಭಾಗವನ್ನು ಅಳೆಯುತ್ತದಾದರೂ ಅದರ ಒಂದೊಂದು ಬೆಳಕಿನ ವೃತ್ತ 25 ಮೀಟರ್ ಅಗಲ. ಮೂರು ಮೀಟರ್ ಎತ್ತರದ ವಿರಳ ಮರಗಳಿಂದ ಬರುವ ಪ್ರತಿಫಲನ ನೆಲದ ಪ್ರತಿಫಲನದಲ್ಲಿ ಬೆರೆತುಹೋಗುತ್ತದೆ. ರೇಡಾರ್‌ನ ಉದ್ದ ತರಂಗಗಳು, ಮುಖ್ಯವಾಗಿ 24 ಸೆಂಟಿಮೀಟರ್‌ನ ಎಲ್-ಬ್ಯಾಂಡ್, ಎಲೆ ಮತ್ತು ಹುಲ್ಲನ್ನು ಬಹುಮಟ್ಟಿಗೆ ದಾಟಿ ಹೋಗಿ ಕೊಂಬೆ-ಕಾಂಡಗಳಿಗೆ ತಗುಲಿ ಮರಳುತ್ತವೆ. ದಟ್ಟ ಕಾಡಿನಲ್ಲಿ ಜೀವರಾಶಿ, ಅಂದರೆ ಮರಗಿಡಗಳ ಒಣತೂಕ, ಹೆಕ್ಟೇರಿಗೆ 100 ಟನ್ ಆಸುಪಾಸಿಗೆ ಬಂದಾಗ ಈ ಸಂಕೇತ ತುಂಬಿ ನಿಂತುಬಿಡುತ್ತದೆ, ಆದರೆ ಸವನ್ನಾ ಬಹುತೇಕ ಅದಕ್ಕಿಂತ ಕೆಳಗೇ ಇರುವುದರಿಂದ ಇಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಮಣ್ಣು ಒದ್ದೆಯಾಗಿದ್ದರೆ ಸಂಕೇತ ಕೆಡುವುದರಿಂದ ರೇಡಾರ್‌ಗೂ ಒಣಗಾಲವೇ ಬೇಕು.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೊ ಜಂಟಿ ಉಪಗ್ರಹ ನಿಸಾರ್ ಇದೇ ಎಲ್-ಬ್ಯಾಂಡ್ ಅನ್ನು ಅದಕ್ಕಿಂತ ಗಿಡ್ಡ ತರಂಗದ ಎಸ್-ಬ್ಯಾಂಡ್‌ನೊಂದಿಗೆ ಹೊತ್ತಿದೆ, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗವನ್ನು ಮತ್ತೆ ನೋಡುತ್ತದೆ. ಹೆಕ್ಟೇರಿಗೆ 100 ಟನ್‌ಗಿಂತ ಕಡಿಮೆ ಇರುವ ಕಡೆ ಜೀವರಾಶಿಯನ್ನು 20 ಟನ್‌ಗಳ ತಪ್ಪಿನೊಳಗೆ ಅಂದಾಜಿಸುವುದು ಅದರ ಗುರಿಗಳಲ್ಲೊಂದು. ಕಾಡಿಗೆ ಅದು ಸಾಕು. ಆದರೆ ಒಣ ಸವನ್ನಾದ ಒಂದು ಹೆಕ್ಟೇರಿನಲ್ಲಿ ಇರುವ ಒಟ್ಟು ಮರವೇ ಇಪ್ಪತ್ತು-ಮೂವತ್ತು ಟನ್ ಆಗಿರಬಹುದಾದ್ದರಿಂದ, ಒಂದು ವರ್ಷದ ಅಂಕಿಯನ್ನು ಹಿಡಿದು ಕೂರುವ ಬದಲು ಅದೇ ಋತುವಿನ, ಅದೇ ಕೋನದ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದೇ ಲೇಸು. ನಾನು ಕಾತರದಿಂದ ಕಾಯುತ್ತಿರುವ ಪರೀಕ್ಷೆಯೂ ಒಂದಿದೆ. ಕ್ರೂಗರ್‌ನಲ್ಲಿ 1954ರಿಂದ ಪ್ರತಿವರ್ಷ ಸುಡುವ, ಎರಡು-ಮೂರು ವರ್ಷಕ್ಕೊಮ್ಮೆ ಸುಡುವ, ಬೆಂಕಿಯೇ ತಾಗದಂತೆ ಕಾಯ್ದ ಪ್ರಯೋಗದ ತಾಕುಗಳು ಅಕ್ಕಪಕ್ಕದಲ್ಲಿವೆ, ಒಂದೊಂದೂ ಸುಮಾರು 7 ಹೆಕ್ಟೇರ್. ಒಂದು ಹೆಕ್ಟೇರಿನ ಪಿಕ್ಸೆಲ್ ಲೆಕ್ಕದಲ್ಲಿ, ಅಂಚುಗಳನ್ನು ಬಿಟ್ಟರೆ, ತಾಕಿಗೆ ಉಳಿಯುವುದು ಕೈಬೆರಳೆಣಿಕೆಯ ಪಿಕ್ಸೆಲ್‌ಗಳು. ಅಷ್ಟರಲ್ಲೇ ಪ್ರತಿವರ್ಷ ಸುಟ್ಟ ತಾಕನ್ನು ಮೂರು ವರ್ಷಕ್ಕೊಮ್ಮೆ ಸುಟ್ಟ ತಾಕಿನಿಂದ ನಿಸಾರ್ ಬೇರ್ಪಡಿಸಬಲ್ಲದಾದರೆ, 5 ಮೀಟರ್ ಗಡಿಯ ಕೆಳಗೆ ಹುಲ್ಲಿನ ಮರೆಯಲ್ಲಿ ಕಾಯುತ್ತಿರುವ ಆ ಗಿಡಗಳನ್ನು ಲೆಕ್ಕಕ್ಕೆ ತರುವ ದಾರಿಯೊಂದು ತೆರೆದಂತಾಗುತ್ತದೆ.